ಹಸಿರು ಬಲೆಗೆ ನಾಲ್ಕು ಸ್ಟಾರ್, ಬಿಳಿ ಬಲೆಗೆ ಒಂದೂ ಇಲ್ಲ

ತರಕಾರಿ ಮಡಿಗೆ ಬಲೆ ಹಾಕಬೇಕು ಅಂತಿದ್ದರೆ ಕೊಳ್ಳುವ ಮುಂಚೆ ಇದನ್ನು ಒಂದು ಸಲ ಓದಿ. ನಾನು ತಂದಿದ್ದು ಎರಡು. ಒಂದು ಹಸಿರು ಶೇಡ್ ನೆಟ್, 50 ಪರ್ಸೆಂಟಿನದು, ಅಂದರೆ ಅರ್ಧ ಬಿಸಿಲು ತಡೆಯುವಂಥದ್ದು, ಹತ್ತಡಿ ಅಗಲ, ಮೂವತ್ತಡಿ ಉದ್ದ. ಇನ್ನೊಂದು ಹಕ್ಕಿ ಬಾರದಂತೆ ಹೊದಿಸುವ ಬಿಳಿ ನೈಲಾನ್ ಬಲೆ, ಇಂಚಿನಷ್ಟು ದೊಡ್ಡ ಕಣ್ಣಿನದು. ಎರಡೂ ಸೇರಿ 1,950 ರೂಪಾಯಿ. ಕಳೆದ ಫೆಬ್ರವರಿಯಲ್ಲಿ ಒಂದು ಶುಕ್ರವಾರ ಮಡಿಕೇರಿ ಸಂತೆಗೆ ಹೋದವಳು ಹಾಗೇ ಒಂದು ಅಂಗಡಿಗೆ ಹೊಕ್ಕು ತಂದೆ. ಅಂಗಡಿ ಹೆಸರು ಬೇಡ ಬಿಡಿ.

ನಾನು ಮಂಡ್ಯ ಕಡೆಯವಳು, ಇಲ್ಲಿ ಕೊಡಗಿನಲ್ಲಿ ಟೀಚರ್. ಬಾಡಿಗೆ ಮನೆಯ ಹಿಂದೆ, ಕಾಫಿ ತೋಟದ ಅಂಚಿನಲ್ಲಿ ಮೂರು ಸೆಂಟ್ ಜಾಗ ಖಾಲಿ ಬಿದ್ದಿತ್ತು. “ಟೀಚರೇ, ಏನಾದ್ರೂ ಹಾಕ್ಕೊಳ್ಳಿ. ನನಗೆ ಪಲ್ಯಕ್ಕೆ ಒಂದು ಹಿಡಿ ಬೀನ್ಸ್ ಕೊಟ್ರೆ ಸಾಕು” ಅಂದರು ಓನರ್ ಆಂಟಿ. ಅದೇ ಬಾಡಿಗೆ.

ಮೊದಲು ಹಸಿರು ಬಲೆ. ಮಾರ್ಚ್‌ನಿಂದ ಮೇ ತನಕ ಇದು ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ಕೊಡಗು ಅಂದರೆ ಯಾವಾಗಲೂ ತಂಪು ಅಂದುಕೊಂಡಿದ್ದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕೊತ್ತಂಬರಿ ಮೊಳಕೆ ಸುಟ್ಟು ಹೋಗುವುದನ್ನು ಹಿಂದಿನ ವರ್ಷ ನೋಡಿದ್ದೆ. ಈ ಸಲ ಬಲೆಯ ಕೆಳಗೆ ಕೊತ್ತಂಬರಿ, ಪಾಲಕ್ ಎರಡೂ ನಿಂತವು. ಟೊಮೆಟೊ ಸಸಿಯನ್ನೂ ಅಲ್ಲೇ ಬೆಳೆಸಿಕೊಂಡೆ. ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಹಿಂದಿನ ವರ್ಷ ಸಂತೆಯಿಂದ ತಂದ ಸಸಿಗಳು ಕಾಯಿ ಬಿಡುವ ಹೊತ್ತಿಗೆ ಹಸಿರಾಗಿದ್ದ ಹಾಗೇ ಸೊರಗಿ ಬಿದ್ದಿದ್ದವು. ಇಲ್ಲಿಯ ಮಣ್ಣು ಹುಳಿ ಜಾಸ್ತಿ, ತೇವವೂ ಜಾಸ್ತಿ. ಸೊರಗು ರೋಗಕ್ಕೆ ಅದು ಹಬ್ಬ. ಈ ತಳಿ ಅದನ್ನು ತಡೆದುಕೊಳ್ಳುತ್ತದೆ. ಮಡಿಗೆ ಒಂದಿಷ್ಟು ಸುಣ್ಣವನ್ನೂ ಹಾಕಿದ್ದೆ. ಹಾಗಾಗಿ ಪೂರ್ತಿ ಶಹಬ್ಬಾಸ್ ಬಲೆಗೇ ಹೋಗಬಾರದು.

ಜೂನ್ ಬಂತು ನೋಡಿ, ಅಲ್ಲಿಂದ ಕಥೆ ಬೇರೆ. ಶೇಡ್ ನೆಟ್ ಮಳೆ ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹನಿಯ ಪೆಟ್ಟು ಕಡಿಮೆ ಆಗುತ್ತದೆ, ಅಷ್ಟೇ. ನೀರೆಲ್ಲ ಒಳಗೇ ಇಳಿಯುತ್ತದೆ. ಸೂರ್ಯನ ಮುಖವನ್ನೇ ಕಾಣದ ತಿಂಗಳಲ್ಲಿ ಇರುವ ಬೆಳಕಲ್ಲೂ ಅರ್ಧ ಕತ್ತರಿಸಿದರೆ ಬೀನ್ಸ್ ಬಳ್ಳಿ ಏನು ಮಾಡಬೇಕು? ಕಡ್ಡಿಯಂತೆ ಉದ್ದ ಬೆಳೆದು ಬೂಷ್ಟು ಹಿಡಿಯಿತು. ಜುಲೈ ಗಾಳಿಗೆ ಬಲೆಯ ಎರಡು ಮೂಲೆ ಕಿತ್ತು ಬಂತು. ಕೊಳ್ಳುವಾಗ “ಐದು ವರ್ಷ ಗ್ಯಾರಂಟಿ ಮೇಡಂ” ಅಂದಿದ್ದ ಅಂಗಡಿಯವರು ಈಗ “ಅದು ಬಿಸಿಲಿಗೆ ಮೇಡಂ, ಗಾಳಿಗಲ್ಲ” ಅಂದರು. ಬಿಲ್ ಕೂಡ ಕೊಟ್ಟಿರಲಿಲ್ಲ. ತಪ್ಪು ನನ್ನದೇ, ಕೇಳಬೇಕಿತ್ತು. ಹಳೇ ಸೀರೆ ಅಂಚು ಕೂಡಿಸಿ ಹೊಲಿದೆ, ಇವತ್ತಿಗೂ ನಿಂತಿದೆ. ಇನ್ನು ಮೇಲೆ ಮೇ ಕೊನೆಗೆ ಬಿಚ್ಚುತ್ತೇನೆ, ಮಳೆ ಕಳೆದ ಮೇಲೆ ಕಟ್ಟುತ್ತೇನೆ.

ಬಿಚ್ಚದೆ ಬಿಟ್ಟಿದ್ದ ಆ ದಿನಗಳಲ್ಲಿ ಒಂದು ಲಾಭ ಆಯಿತು. ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಆರಿಸಲು ಹೋಗುತ್ತಿದ್ದೆ. ಮುಷ್ಟಿಯಷ್ಟು ದೊಡ್ಡ ಆಫ್ರಿಕನ್ ಹುಳುಗಳು. ಅವಕ್ಕೆ ಯಾವ ಬಲೆಯೂ ಲೆಕ್ಕಕ್ಕಿಲ್ಲ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಟ್ಟರೆ ಅಲ್ಲೇ ಬಂದು ಸೇರುತ್ತವೆ, ಗ್ಲೌಸ್ ಹಾಕಿಕೊಂಡು ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಆಗ ಹಸಿರು ಬಲೆಯ ಕೆಳಮೈಗೆ ಹೆಬ್ಬೆರಳ ಉಗುರಿನಷ್ಟು ಪುಟ್ಟ ಕಪ್ಪೆಗಳು ಅಂಟಿಕೊಂಡು ಟಿಕ್ ಟಿಕ್ ಅನ್ನುತ್ತಿದ್ದವು. ಟಾರ್ಚ್ ಬೆಳಕು ಬಿಟ್ಟರೆ ಸುಮ್ಮನಾಗುತ್ತವೆ, ಆಫ್ ಮಾಡಿದರೆ ಮತ್ತೆ ಶುರು. ಎಷ್ಟೋ ಸಲ ಹುಳು ಆರಿಸುವುದು ಮರೆತು ನಿಂತಿದ್ದೇನೆ.

ಈಗ ಬಿಳಿ ಬಲೆ. ಇದನ್ನು ತಂದಿದ್ದು ಪಿಕಳಾರ ಹಕ್ಕಿಗಳ ಮೇಲಿನ ಸಿಟ್ಟಿಗೆ. ತಲೆ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಚುಕ್ಕಿ, ನೋಡಲು ಬಲು ಚಂದ. ಟೊಮೆಟೊ ಕೆಂಪಾದ ದಿನವೇ ಕುಕ್ಕಿ ತೂತು ಮಾಡುತ್ತವೆ. ಸೂಜಿ ಮೆಣಸನ್ನೂ ಬಿಡುವುದಿಲ್ಲ. ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲವಂತೆ. ಹಾಗಾಗಿಯೇ ಬಿತ್ತದ ಜಾಗದಲ್ಲೆಲ್ಲ, ಕಾಫಿ ಗಿಡದ ಬುಡದಲ್ಲೂ ಮೆಣಸಿನ ಗಿಡ ಎದ್ದಿರುತ್ತದೆ.

ಬಲೆ ಹೊದಿಸಿದೆ. ಟೊಮೆಟೊ ಉಳಿಯಿತು, ಒಪ್ಪುತ್ತೇನೆ. ಆದರೆ ಪಕ್ಕದ ಸೌತೆ ಬಳ್ಳಿಗೂ ಅದನ್ನೇ ಎರಡು ಮಡಿಕೆ ಮಾಡಿ ಹೊದಿಸಿದ್ದೆ. ಹೂವು ರಾಶಿ, ಕಾಯಿ ಮಾತ್ರ ಇಲ್ಲ. ಹೆಣ್ಣು ಹೂವಿನ ಹಿಂದೆ ಇರುವ ಬೆರಳುದ್ದದ ಪುಟ್ಟ ಕಾಯಿಗಳು ಹಳದಿಯಾಗಿ ಉದುರುತ್ತಿದ್ದವು. ಗೊಬ್ಬರ ಸಾಲದು ಅಂತ ಸಗಣಿ ನೀರು ಹಾಕಿದೆ. ಆಂಟಿ ಬಂದು ನೋಡಿ, “ಜೇನು ಒಳಗೆ ಹೋಗೋದು ಹೇಗೆ ಟೀಚರೇ?” ಅಂದರು. ಬೆಳಗ್ಗೆ ಕೂತು ಗಮನಿಸಿದೆ. ತುಡುವೆ ಜೇನು ಒಂದು ಮಡಿಕೆ ದಾಟಿ ಎರಡನೆಯದಕ್ಕೆ ತಡವರಿಸಿ ವಾಪಸ್ ಹೋಗುತ್ತಿತ್ತು. ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ನಾನೇ ಸವರಿದೆ. ನಾಲ್ಕು ದಿನ ಮಾಡಿ ಬೇಸರವಾಗಿ ಬಲೆ ಎಳೆದು ಮೂಲೆಗೆ ಎಸೆದೆ.

ಎಸೆದಿದ್ದೇ ದೊಡ್ಡ ತಪ್ಪು.

ಕಕ್ಕಡ 18, ಅಂದರೆ ಕೊಡಗಿನವರು ಮದ್ದುಸೊಪ್ಪು ತಿನ್ನುವ ಆಗಸ್ಟ್ ಮೊದಲ ವಾರದ ದಿನ, ಕಳೆದು ಮೂರು ದಿನ ಆಗಿರಬೇಕು. ಆಂಟಿ ಕೊಟ್ಟಿದ್ದ ಮದ್ದುಸೊಪ್ಪಿನ ಪಾಯಸದ ನೇರಳೆ ಬಣ್ಣ ನನ್ನ ಸ್ಟೀಲ್ ಡಬ್ಬಿಯಲ್ಲಿ ಇನ್ನೂ ಹೋಗಿರಲಿಲ್ಲ. ಬೆಳಗ್ಗೆ ಕೆಸುವಿನ ಎಲೆ ಕೊಯ್ಯಲು ಹೋದರೆ ಮೂಲೆಯ ಬಲೆ ರಾಶಿ ಅಲ್ಲಾಡುತ್ತಿದೆ. ಕೇರೆ ಹಾವು, ಆರಡಿ ಇದ್ದೀತು. ತಲೆ ಬಲೆಯ ಕಣ್ಣಿನಿಂದ ಆಚೆ ಹೋಗಿದೆ, ಹೊಟ್ಟೆ ಹೋಗಿಲ್ಲ. ಹಿಂದೆ ಸರಿಯೋಣ ಅಂದರೆ ಹಾವಿನ ಹುರುಪೆಗಳು ಬಾಲದ ಕಡೆ ಮುಖ ಮಾಡಿರುತ್ತವೆ, ನೂಲು ಅದರ ಅಡಿಗೆ ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಬಿಗಿ. ಒಂದು ಕಡೆ ನೂಲು ಚರ್ಮದೊಳಗೇ ಇಳಿದಿತ್ತು.

ಹಾವು ಹಿಡಿಯುವವರು ಬರಲು ಮುಕ್ಕಾಲು ಗಂಟೆ ಆಯಿತು. ತಲೆಗೆ ಬಟ್ಟೆ ಚೀಲ ಮುಚ್ಚಿದರು. ನಾನು ಕಸೂತಿ ಕತ್ತರಿ ತಂದುಕೊಟ್ಟು ಕೊಡೆ ಹಿಡಿದು ನಿಂತೆ. ಹನ್ನೊಂದು ಕಡೆ ಕತ್ತರಿಸಬೇಕಾಯಿತು, ನಾನು ಎಣಿಸಿದೆ. ಪ್ರತಿ ಸಲ ಕತ್ತರಿಯ ಮೊನೆ ಹುರುಪೆಯ ಅಡಿಗೆ ಹೋದಾಗ ಹಾವಿನ ಮೈ ಒಂದು ಸಲ ನಡುಗುತ್ತಿತ್ತು. ಬಿಟ್ಟಾಗ ಓಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ಮಲಗಿದ್ದು, ಆಮೇಲೆ ನಿಧಾನಕ್ಕೆ ಕಾಫಿ ಗಿಡದ ಸಾಲಿಗೆ ಹೋಯಿತು. ವಿಷ ಇಲ್ಲದ ಹಾವು, ನನ್ನ ಗೆಣಸು ತಿನ್ನುವ ಇಲಿಗಳನ್ನು ಹಿಡಿಯುವ ಹಾವು. ಅದಕ್ಕೇ ಬಲೆ ಬೀಸಿದ್ದೆ ನಾನು.

ಆಮೇಲೆ ಓದಿ ತಿಳಿದುಕೊಂಡೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮನೆಯ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಕಣ್ಣು ಎಳೆದು ಹಿಡಿದಾಗ 5 ಮಿಲಿಮೀಟರಿಗಿಂತ ದೊಡ್ಡದಿರಬಾರದು ಅಂತ 2021ರಿಂದ ಕಾನೂನೇ ಇದೆ. ಸುಲಭದ ಪರೀಕ್ಷೆ ಏನೆಂದರೆ, ಬೆರಳು ತೂರಿದರೆ ಆ ಬಲೆ ಬೇಡ. ನಮ್ಮಲ್ಲಿ ಅಂಗಡಿಯವರನ್ನು ಕಣ್ಣಿನ ಅಳತೆ ಕೇಳಿದರೆ “ಹಕ್ಕಿ ಹೋಗಲ್ಲ ಮೇಡಂ” ಅನ್ನುತ್ತಾರೆ, ಅಷ್ಟೇ.

ಈಗ ಟೊಮೆಟೊಗೆ ಹಳೇ ಸೊಳ್ಳೆ ಪರದೆ ಕತ್ತರಿಸಿ, ಕಾಯಿ ಕಟ್ಟಿದ ಮೇಲೆ ಮಾತ್ರ ಗೊಂಚಲಿಗೆ ಚೀಲದ ಹಾಗೆ ಕಟ್ಟುತ್ತೇನೆ. ಖರ್ಚು ಸೊನ್ನೆ. ಸೌತೆಗೆ ಏನೂ ಇಲ್ಲ. ಸೂಜಿ ಮೆಣಸು ಪಿಕಳಾರದ ಪಾಲು, ಉಳಿದಿದ್ದು ನನ್ನ ಉಪ್ಪಿನಕಾಯಿಗೆ. ಬಿಳಿ ಬಲೆಯನ್ನು ಚೂರು ಚೂರು ಮಾಡಿ ಕಸದ ಗಾಡಿಗೆ ಹಾಕಿದೆ. ಯಾರಿಗಾದರೂ ಕೊಡಬಹುದಿತ್ತು, ಮನಸ್ಸು ಬರಲಿಲ್ಲ.

ಹಸಿರು ಬಲೆ ಮಾತ್ರ ಸದ್ಯ ನನ್ನ ಹತ್ತಿರ ಇಲ್ಲ. ಕಾಳುಮೆಣಸು ಕೊಯ್ದಾಗಿದೆ, ಒಣಗಿಸಲು ಹಾಸೋಕೆ ಅಂತ ಆಂಟಿ ಒಯ್ದರು. “ಎರಡು ವಾರ ಟೀಚರೇ” ಅಂದಿದ್ದರು. ಇವತ್ತಿಗೆ ಐದನೇ ವಾರ.