ಗೂಗಲ್ ಸ್ಕಾಲರ್: ನೆಟ್‌ವರ್ಕಿಂಗ್‌ನಿಂದ ಹಣಕಾಸಿಗೆ ದಾಟಿದ ಸಂಶೋಧಕರನ್ನು ಹುಡುಕಲು ಎಷ್ಟು ನೆಚ್ಚಬಹುದು?

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಾಗಲಿ, 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿಯಲ್ಲಾಗಲಿ, ಸಂಶೋಧನೆಗೆ ವಿಷಯ ಹುಡುಕುವವರ ಕೈಗೆ ಮೊದಲು ಸಿಗುವುದು ಗೂಗಲ್ ಸ್ಕಾಲರ್, ಅಂದರೆ ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸೇವೆ. 2004ರಿಂದ ಇದೆ, ದುಡ್ಡಿಲ್ಲ, ಮೊಬೈಲಿನಲ್ಲೂ ನಡೆಯುತ್ತದೆ. ಒಂದೇ ವಿಷಯದಲ್ಲಿ ನಿಂತ ಸಂಶೋಧಕರ ಮಟ್ಟಿಗೆ ಹೆಚ್ಚು ಹೇಳುವುದೇನಿಲ್ಲ. ಕಂಪ್ಯೂಟರ್ ನೆಟ್‌ವರ್ಕಿಂಗ್ ಮತ್ತು ಹಣಕಾಸು ಎರಡರಲ್ಲೂ ಬರೆದವರನ್ನು ಹುಡುಕಲು ಹೋದಾಗಲೇ ಇದರ ಬಲ ಎಲ್ಲಿದೆ, ಕೊರತೆ ಎಲ್ಲಿದೆ ಎಂದು ಗೊತ್ತಾಗುವುದು.

ಡಿಬಿಎಲ್‌ಪಿ ಎಂಬ ಜಾಲತಾಣ ಪ್ರಬಂಧಗಳ ಅಚ್ಚುಕಟ್ಟಾದ ಪಟ್ಟಿ, ಆದರೆ ಅದು ಕಂಪ್ಯೂಟರ್ ವಿಜ್ಞಾನದ್ದು. ಹಣಕಾಸಿನ ಬಹುಪಾಲು ಪತ್ರಿಕೆಗಳು ಅಲ್ಲಿಲ್ಲ. ರೆಪೆಕ್ ಅಂಥದೇ ಪಟ್ಟಿ, ಆದರೆ ಅರ್ಥಶಾಸ್ತ್ರದ್ದು, ಅಲ್ಲಿ ರೌಟರ್, ಪ್ಯಾಕೆಟ್ ಎಂದರೆ ಸಿಗುವುದು ಅಷ್ಟಕ್ಕಷ್ಟೆ. ಒಬ್ಬರ ಅರ್ಧ ಬದುಕು ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಸ್ಕಾಲರ್‌ನಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ.

ಉದಾಹರಣೆಗೆ ನೆಟ್‌ವರ್ಕಿಂಗ್ ಸಂಶೋಧಕ ವಾಲ್ಟರ್ ವಿಲಿಂಜರ್ ಅವರ ಹೆಸರು ಹಾಕಿ ನೋಡಿ. ಲೆಲ್ಯಾಂಡ್, ಟಕ್ಕು, ವಿಲ್ಸನ್ ಜೊತೆ ಅವರು ಈಥರ್‌ನೆಟ್ (ಕಂಪ್ಯೂಟರುಗಳನ್ನು ಕೇಬಲ್‌ನಿಂದ ಜೋಡಿಸುವ ಜಾಲ) ಕುರಿತು ಬರೆದ ಪ್ರಬಂಧ 1993ರಲ್ಲಿ ನೆಟ್‌ವರ್ಕಿಂಗ್‌ನ ಸಿಗ್‌ಕಾಮ್ ಸಮ್ಮೇಳನದಲ್ಲಿ ಬಂತು, 1994ರಲ್ಲಿ ಪತ್ರಿಕೆಯಲ್ಲಿ ವಿಸ್ತಾರವಾಗಿ ಅಚ್ಚಾಯಿತು. ಡೇಟಾ ದಟ್ಟಣೆಯ ಏರಿಳಿತ ಸೆಕೆಂಡಿನ ಲೆಕ್ಕದಲ್ಲಿ ನೋಡಿದರೂ ನಿಮಿಷದ ಲೆಕ್ಕದಲ್ಲಿ ನೋಡಿದರೂ ಸಪಾಟಾಗುವುದಿಲ್ಲ ಎಂಬುದು ಅದರ ತಿರುಳು. 1999ರಲ್ಲಿ ಅದೇ ವಿಲಿಂಜರ್, ಟಕ್ಕು, ತೆವೆರೋವ್‌ಸ್ಕಿ ಶೇರು ಬೆಲೆಗಳಿಗೆ ಅದೇ ಪ್ರಶ್ನೆ ಹಾಕಿದರು: ಹಳೆಯ ಏರಿಳಿತದ ನೆನಪು ಬಹುಕಾಲ ಉಳಿಯುತ್ತದೆಯೇ? ಇದನ್ನು ಅಳೆಯಲು ಹಣಕಾಸು ಸಂಶೋಧಕ ಆಂಡ್ರ್ಯೂ ಲೋ 1991ರಲ್ಲಿ ಕೊಟ್ಟಿದ್ದ ಪರೀಕ್ಷೆ 'ನೆನಪಿಲ್ಲ' ಎಂಬ ಕಡೆಗೇ ವಾಲುತ್ತದೆ ಎಂದು ತೋರಿಸಿದರು. ಎರಡಕ್ಕೂ ಅಳತೆಗೋಲು ಹರ್ಸ್ಟ್ ಸೂಚ್ಯಂಕ; 0.5 ಎಂದರೆ ದೀರ್ಘ ನೆನಪಿಲ್ಲ, 1ರ ಹತ್ತಿರ ಹೋದಷ್ಟೂ ನೆನಪು ಗಟ್ಟಿ. ಅದು ಹುಟ್ಟಿದ್ದು ನೈಲ್ ನದಿಗೆ ಎಷ್ಟು ದೊಡ್ಡ ಜಲಾಶಯ ಬೇಕು ಎಂಬ ಲೆಕ್ಕದಲ್ಲಿ, 1951ರಲ್ಲಿ. ಮುನಿರಾಬಾದಿನ ಡ್ಯಾಮ್ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬರದ ಬೆನ್ನಿಗೆ ಬರ, ಮಳೆಯ ಬೆನ್ನಿಗೆ ಮಳೆ ಬಂದರೆ ಸರಾಸರಿ ನಂಬಿ ಕಟ್ಟಿದ ಡ್ಯಾಮ್ ಸಾಲದು. ಡೇಟಾ ಮುಂದೆ ಹೋಗುವ ಮುನ್ನ ಕಾಯುವ ಜಾಗವಾದ ರೌಟರಿನ ಬಫರಿಗೂ ಅದೇ ಮಾತು.

ಹುಡುಕುವ ಕ್ರಮ ಹೀಗಿರಲಿ. ಆಥರ್ ಎಂಬ ಇಂಗ್ಲಿಷ್ ಪದ, ಕೋಲನ್, ಜಾಗ ಬಿಡದೆ ಉದ್ಧರಣ ಚಿಹ್ನೆಯೊಳಗೆ ಇನಿಷಿಯಲ್ ಸಮೇತ ಹೆಸರು, ಆಮೇಲೆ ವಿಷಯದ ಪದ. ಪ್ರೊಫೈಲ್ ಸಿಕ್ಕರೆ ಅದು ಉಲ್ಲೇಖಗಳ (ಬೇರೆ ಪ್ರಬಂಧಗಳು ಅದನ್ನು ಹೆಸರಿಸಿದ) ಸಂಖ್ಯೆಯ ಪ್ರಕಾರ ತೆರೆದುಕೊಳ್ಳುತ್ತದೆ, ಹಾಗೇ ಓದಬೇಡಿ. 'ಇಯರ್' ಒತ್ತಿ ವರ್ಷದ ಸಾಲಿಗೆ ತನ್ನಿ. ಹೊಸ ಕ್ಷೇತ್ರದ ಪ್ರಬಂಧಗಳಿಗೆ ಉಲ್ಲೇಖ ಕಡಿಮೆ, ಆದ್ದರಿಂದ ಅವು ತಳದಲ್ಲಿ ಬಿದ್ದಿರುತ್ತವೆ. ವರ್ಷದ ಸಾಲಿನಲ್ಲಿ ಮಾತ್ರ ದಾಟಿದ ಜಾಗ ಕಣ್ಣಿಗೆ ಬೀಳುತ್ತದೆ. ಆಮೇಲೆ ಮೊದಲ ಹಣಕಾಸು ಪ್ರಬಂಧದ 'ಸೈಟೆಡ್ ಬೈ' ಒತ್ತಿ, ಅದನ್ನು ಉಲ್ಲೇಖಿಸಿದ ಪ್ರಬಂಧಗಳು ಬರುತ್ತವೆ. ಉಲ್ಲೇಖಿಸಿದವರು ಹಣಕಾಸಿನವರೋ, ಹಳೆಯ ನೆಟ್‌ವರ್ಕಿಂಗ್ ಗೆಳೆಯರೋ ಎಂಬುದು ತುಂಬಾ ಮುಖ್ಯ.

ಪ್ರೊಫೈಲಿನಲ್ಲಿ ಕಾಣುವ ಎಚ್-ಇಂಡೆಕ್ಸ್ ಎಂಬ ಅಂಕಿ ನೋಡಿ ಗೈಡ್ ಆರಿಸುವುದು ತಪ್ಪು. 20 ಎಂದರೆ 20 ಪ್ರಬಂಧಗಳಿಗೆ ತಲಾ ಕನಿಷ್ಠ 20 ಉಲ್ಲೇಖ, ಅಷ್ಟೇ. ನೆಟ್‌ವರ್ಕಿಂಗ್‌ನವರು ಸಮ್ಮೇಳನಗಳಲ್ಲಿ ಬೇಗ ಬೇಗ ಪ್ರಕಟಿಸುತ್ತಾರೆ. ಹಣಕಾಸಿನಲ್ಲಿ ಒಂದು ಪ್ರಬಂಧ ಕರಡುಗಳನ್ನು ಹಾಕುವ ಎಸ್‌ಎಸ್‌ಆರ್‌ಎನ್ ಜಾಲತಾಣದಲ್ಲಿ ಕರಡಾಗಿ ವರ್ಷಗಟ್ಟಲೆ ಕೂತು ಆಮೇಲೆ ಪತ್ರಿಕೆಗೆ ಬರುವುದುಂಟು. ಹಾಗಾಗಿ ಸ್ಕಾಲರ್ ತೋರಿಸುವ ವರ್ಷವೂ ಹೆಚ್ಚುಕಡಿಮೆ ಆಗುತ್ತದೆ. 'ಆಲ್ ವರ್ಷನ್ಸ್' ತೆರೆದು ಅಚ್ಚಾದ ಪ್ರತಿಯ ವರ್ಷವನ್ನೇ ಬರೆದುಕೊಳ್ಳಿ.

ದೊಡ್ಡ ಕಾಟ ಹೆಸರಿನದು. ನಮ್ಮ ಕಡೆಯ ಪಾಟೀಲ, ಹಿರೇಮಠ, ಗೌಡರಲ್ಲಿ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇಲ್ಲವೇ ಇಲ್ಲ. ಒಬ್ಬರ ಪ್ರೊಫೈಲಿಗೆ ಇನ್ನೊಬ್ಬರ ಪ್ರಬಂಧ ತಾನಾಗಿ ಸೇರುತ್ತದೆ. ಎರಡು ಕ್ಷೇತ್ರದವರಲ್ಲಿ ಇದನ್ನು ಹಿಡಿಯುವುದು ಇನ್ನೂ ಕಷ್ಟ, ಏಕೆಂದರೆ ಸಂಬಂಧವಿಲ್ಲದ ವಿಷಯ ಕಂಡರೂ ಅನುಮಾನ ಬರುವುದಿಲ್ಲ. ಸಹಲೇಖಕರು, ಸಂಸ್ಥೆ, ಓಆರ್‌ಸಿಐಡಿಯ (ಪ್ರತಿ ಸಂಶೋಧಕರಿಗೂ ಬೇರೆಯಾದ ಗುರುತಿನ ಸಂಖ್ಯೆ) 16 ಅಂಕಿ ಮೂರನ್ನೂ ತಾಳೆ ನೋಡಿ. ಸ್ವಂತ ಪ್ರೊಫೈಲ್ ಇದ್ದವರು ಸೆಟ್ಟಿಂಗ್‌ನಲ್ಲಿ ತಾನಾಗಿ ಸೇರಿಸುವುದನ್ನು ನಿಲ್ಲಿಸಿ, ಮೇಲ್ ಬಂದಾಗ ಒಪ್ಪುವಂತೆ ಇಟ್ಟುಕೊಳ್ಳುವುದೇ ಒಳ್ಳೆಯದು.

ಕಾಲೇಜು ಲ್ಯಾಬಿನಲ್ಲಿ ನಾಲ್ಕು ಹುಡುಕಾಟಕ್ಕೇ 'ನೀವು ರೋಬೋ ಅಲ್ಲ ತಾನೆ' ಎಂದು ಕೇಳಿದರೆ ಕಂಪ್ಯೂಟರ್ ಕೆಟ್ಟಿಲ್ಲ. ಇಡೀ ಲ್ಯಾಬ್ ಒಂದೇ ಪಬ್ಲಿಕ್ ಐಪಿಯಿಂದ (ಇಂಟರ್‌ನೆಟ್ಟಿನಲ್ಲಿನ ವಿಳಾಸ) ಹೊರಗೆ ಹೋಗುತ್ತಿರುತ್ತದೆ. ಮೂವತ್ತು ಜನರ ಹುಡುಕಾಟ ಗೂಗಲ್ಲಿಗೆ ಒಬ್ಬರದೇ ಆಗಿ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪೂರ್ಣ ಪಠ್ಯಕ್ಕೆ ಬಲಗಡೆಯ ಪಿಡಿಎಫ್ ಕೊಂಡಿ ಮೊದಲು ನೋಡಿ. ಇಲ್ಲದಿದ್ದರೆ, 2025ರ ಜನವರಿಯಿಂದ ನಡೆದಿರುವ, ಸರ್ಕಾರಿ ಸಂಸ್ಥೆಗಳಿಗೆ ಸಂಶೋಧನಾ ಪತ್ರಿಕೆಗಳನ್ನು ಒದಗಿಸುವ ಕೇಂದ್ರದ ಯೋಜನೆ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್‌ಗೆ ನಿಮ್ಮ ಸರ್ಕಾರಿ ಸಂಸ್ಥೆ ನೋಂದಾಯಿಸಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ.