ಇಪ್ಪತ್ತೈದು ವರ್ಷದ್ದು, ಅಮೃತ್ ಫ್ಯೂಷನ್, ಲಾಗವುಲಿನ್: ಒಬ್ಬ ಕೊಬ್ಬರಿಯವನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಈ ಮೂರು ವಿಸ್ಕಿಗಳಲ್ಲಿ ನನಗೆ ಇಷ್ಟವಾಗಿದ್ದು ಇಪ್ಪತ್ತೈದು ವರ್ಷದ್ದು. ಅದರ ಕಾರ್ಕ್ ಪುಡಿಯಾಗಿ ಬಾಟಲಿಯೊಳಗೆ ಬಿತ್ತು. ಅಪ್ಪನ ಹಳೇ ಪಂಚೆಯಲ್ಲಿ ಸೋಸಿ ಕುಡಿದೆ. ಆದರೂ ಅದೇ ಇಷ್ಟ.

ನಮ್ಮದು ತಿಪಟೂರು. ಅಜ್ಜನ ಕಾಲದಿಂದ ಕೊಬ್ಬರಿ ಕೆಲಸ. ನಾನು ಕುಡಿಯುವುದು ತಿಂಗಳಿಗೆ ಎರಡು ಶನಿವಾರ, ಒಂದೊಂದು ಸಲಕ್ಕೆ ಮೂವತ್ತು ಎಂಎಲ್. ಊಟಕ್ಕೆ ಮುಂಚೆ, ಅಟ್ಟದ ಮೆಟ್ಟಿಲ ಮೇಲೆ ಕೂತು. ಮನೆಯಲ್ಲಿ ಬಾಯಿ ಬಿಟ್ಟು ಬೇಡ ಅನ್ನುವುದಿಲ್ಲ, ಹಾಗಂತ ನಡುಮನೆಯಲ್ಲಿ ಬಾಟಲಿ ಇಟ್ಟುಕೊಂಡು ಕೂರುವಷ್ಟು ಧೈರ್ಯ ನನಗೂ ಇಲ್ಲ.

ಮೂರರಲ್ಲಿ ಒಂದು ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್. ಇನ್ನೊಂದು ಸ್ಕಾಟ್ಲೆಂಡಿನ ಐಲಾ ದ್ವೀಪದ ಲಾಗವುಲಿನ್, ಹದಿನಾರು ವರ್ಷದ್ದು. ಮೂರನೆಯದು ಅದೇ ದೇಶದ ಸ್ಪೇಸೈಡ್ ಕಡೆಯದು, ಶೆರ್ರಿ ಅನ್ನುವ ಸ್ಪೇನಿನ ಗಡಸು ವೈನ್ ತುಂಬಿದ್ದ ಪೀಪಾಯಿಯಲ್ಲಿ ಇಪ್ಪತ್ತೈದು ವರ್ಷ ಮಾಗಿದ್ದು. ಅದರ ಹೆಸರು ಬೇಡ. ಕಾರ್ಕಿನ ವಿಷಯದಲ್ಲಿ ತಪ್ಪೆಲ್ಲ ನನ್ನದು, ಕೆಟ್ಟ ಹೆಸರು ಅವರಿಗೆ ಯಾಕೆ?

2023ರಲ್ಲಿ ನನ್ನ ಭಾವಮೈದ ಸಿಂಗಾಪುರದಿಂದ ಬರುವಾಗ ಫೋನ್ ಮಾಡಿದ. "ಭಾವ, ಡ್ಯೂಟಿ ಫ್ರೀ ಅಂಗಡೀಲಿ ನಿಂತಿದೀನಿ, ಒಬ್ಬರಿಗೆ ಎರಡು ಲೀಟರ್ ತರಬಹುದು, ಏನು ಬೇಕು?" ನಾನು ಸುಮ್ನೆ ಇರದೆ, ಇರೋದರಲ್ಲೇ ಹಳೇದು ತಗೋ ಅಂದೆ. ಅವನು ತಗೊಂಡ. ಮೂವತ್ತೈದು ಸಾವಿರದ ಹತ್ತಿರ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಹತ್ತು ಸಾವಿರವೂ ಸಿಗುತ್ತಿರಲಿಲ್ಲ. ಅಂದರೆ ಒಂದು ಬಾಟಲಿಗೆ ನಾಲ್ಕು ಕ್ವಿಂಟಾಲ್ ಕೊಬ್ಬರಿ. ಹೆಂಡತಿಗೆ ಇವತ್ತಿಗೂ ನಿಜವಾದ ಬೆಲೆ ಗೊತ್ತಿಲ್ಲ. ಇದನ್ನು ಅವಳು ಓದುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ಅಷ್ಟು ದುಡ್ಡಿನದ್ದನ್ನು ಸುಮ್ಮನೆ ತೆರೆಯಲು ಮನಸ್ಸು ಬರಲಿಲ್ಲ. ಒಳ್ಳೇ ದಿನ ಬರಲಿ ಎಂದು ಬೀರುವಿನಲ್ಲಿ ಇಟ್ಟೆ. ಮೇಲಿನ ತಟ್ಟಿನ ಎತ್ತರ ಕಮ್ಮಿ, ಬಾಟಲಿ ನಿಲ್ಲುವುದಿಲ್ಲ. ಮಲಗಿಸಿದೆ. ಮೇಲೆ ಎರಡು ರೇಷ್ಮೆ ಸೀರೆ ಹೊದಿಸಿದೆ. ವೈನ್ ಬಾಟಲಿಗಳನ್ನು ಮಲಗಿಸಿಡುವುದನ್ನು ಸಿನಿಮಾದಲ್ಲಿ ನೋಡಿದ್ದೆನಲ್ಲ, ಇದೂ ಹಾಗೇ ಇರಬೇಕು ಅಂದುಕೊಂಡೆ.

ಒಳ್ಳೇ ದಿನ ಬಂದಿದ್ದು 2025ರ ಜೂನಿನಲ್ಲಿ. ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿತ್ತು. ಅಟ್ಟ ಅರ್ಧ ಖಾಲಿ ಮಾಡಿ, ಲೋಡು ಕಳಿಸಿ, ಸಂಜೆ ಸ್ನಾನ ಮಾಡಿ, ಬಾಟಲಿ ಇಳಿಸಿದೆ. ಎರಡು ಬೇಸಿಗೆ ಅದು ಅಲ್ಲೇ ಮಲಗಿತ್ತು. ಮುಚ್ಚಳ ತಿರುಗಿಸಿದೆ. ಮರದ ತಲೆ ಕೈಗೆ ಬಂತು. ಕಾರ್ಕ್ ಬಾಟಲಿಯ ಕತ್ತಿನಲ್ಲೇ ಉಳಿಯಿತು.

ವೈನ್‌ನಲ್ಲಿ ಆಲ್ಕೋಹಾಲ್ ಹನ್ನೆರಡು, ಹದಿಮೂರು ಪರ್ಸೆಂಟ್. ಮಲಗಿಸಿದರೆ ಕಾರ್ಕ್ ಒದ್ದೆಯಾಗಿ ಉಬ್ಬಿಕೊಂಡು ಗಟ್ಟಿ ಕೂರುತ್ತದೆ. ವಿಸ್ಕಿಯಲ್ಲಿ ನಲವತ್ತರ ಮೇಲೆ. ಅದು ತಿಂಗಳುಗಟ್ಟಲೆ ತಾಗುತ್ತಿದ್ದರೆ ಕಾರ್ಕನ್ನೇ ತಿನ್ನುತ್ತದೆ. ವಿಸ್ಕಿ ಯಾವಾಗಲೂ ನಿಂತಿರಬೇಕು. ನಾಲ್ಕಾರು ತಿಂಗಳಿಗೊಮ್ಮೆ ಒಂದು ಕ್ಷಣ ಬಗ್ಗಿಸಿ ಕಾರ್ಕಿನ ತುದಿ ನೆನೆಸಿ ಮತ್ತೆ ನಿಲ್ಲಿಸಿದರೆ ಸಾಕು, ಒಣಗಿ ಬಿರುಕು ಬಿಡುವುದಿಲ್ಲ. ಇದನ್ನೆಲ್ಲ ನಾನು ಕಲಿತಿದ್ದು ಮಾರನೇ ದಿನ.

ಆವತ್ತು ಮಾಡಿದ್ದು ಬೇರೆ. ನಮ್ಮ ಮನೆಯಲ್ಲಿ ಕಾರ್ಕ್ ತೆಗೆಯುವ ತಿರುಪು ಎಲ್ಲಿಂದ ಬರಬೇಕು? ಬಾಗಿಲಿನ ಚಿಲಕಕ್ಕೆ ತಂದಿದ್ದ ಉದ್ದನೆಯ ಸ್ಕ್ರೂ ಒಂದನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ, ಒರೆಸಿ, ನಿಧಾನಕ್ಕೆ ತಿರುಗಿಸಿದೆ. ಇಕ್ಕಳದಲ್ಲಿ ಹಿಡಿದು ಎಳೆದೆ. ಸ್ಕ್ರೂ ಬಂತು, ಜೊತೆಗೆ ಕಡಲೆಕಾಳಿನಷ್ಟು ಕಾರ್ಕ್ ಬಂತು. ಮಿಕ್ಕಿದ್ದು ಒಳಗೆ. ದೀಪಕ್ಕೆ ಹಿಡಿದು ನೋಡಿದರೆ ತೆಂಗಿನ ನಾರಿನ ಪುಡಿ ನೀರಲ್ಲಿ ತೇಲಿದ ಹಾಗೆ ಕಂದು ಚೂರುಗಳು. ಕೆಲವು ತೇಲುತ್ತಿವೆ, ಕೆಲವು ನಿಧಾನಕ್ಕೆ ಇಳಿಯುತ್ತಿವೆ. ನಾಲ್ಕು ಕ್ವಿಂಟಾಲ್ ಕೊಬ್ಬರಿ.

ಟೀ ಸೋಸುವ ಜಾಲರಿಯಲ್ಲಿ ದಪ್ಪ ಚೂರು ನಿಂತವು, ಸಣ್ಣ ಪುಡಿ ದಾಟಿಕೊಂಡಿತು. ಕಾಫಿ ಫಿಲ್ಟರ್ ಕೈಗೆತ್ತಿಕೊಂಡೆ, ಮೂಸಿ ನೋಡಿ ಇಟ್ಟೆ. ಎಷ್ಟು ಉಜ್ಜಿ ತೊಳೆದರೂ ಅದರ ತೂತುಗಳಲ್ಲಿ ಹದಿನೈದು ವರ್ಷದ ಡಿಕಾಕ್ಷನ್ ಕೂತಿದೆ. ಕೊನೆಗೆ ಅಪ್ಪನ ಪಂಚೆ. ತೊಳೆದು ತೊಳೆದು ಮಲ್ಲಿನ ಹಾಗೆ ಆಗಿತ್ತು. ಆದರೆ ನೀಲಿ ಹಾಕಿದ್ದ ಬಟ್ಟೆ, ಸೋಪಿನ ವಾಸನೆ ಬೇರೆ. ಒಂದು ತುಂಡು ಹರಿದು, ಬರೀ ನೀರಲ್ಲಿ ಎರಡು ಸಲ ಕುದಿಸಿ, ಹಿಂಡಿ, ಗಾಳಿಗೆ ಒಣಗಿಸಿ, ಆಮೇಲೆ ಸೋಸಿದೆ. ಅಷ್ಟು ಹೊತ್ತಿಗೆ ರಾತ್ರಿ ಹತ್ತೂವರೆ. ಕಾಲು ಗ್ಲಾಸಿನಷ್ಟು ಬಟ್ಟೆಯೇ ಕುಡಿದಿರಬೇಕು.

ಸೋಸಿದ್ದನ್ನು ಎರಡು ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿದೆ. ಅರ್ಧ ಖಾಲಿ ಬಾಟಲಿಯಲ್ಲಿ ಗಾಳಿ ಜಾಸ್ತಿ, ಪರಿಮಳ ಬೇಗ ಹೋಗುತ್ತದೆ. ಖಾಲಿಯಾಗಿದ್ದ ಹಳೇ ಲಾಗವುಲಿನ್ ಬಾಟಲಿಯ ಕಾರ್ಕ್ ಇತ್ತು, ಅದನ್ನು ಒಂದಕ್ಕೆ ಹಾಕೋಣ ಅಂದುಕೊಂಡೆ. ಮೂಸಿದೆ. ಹೊಗೆ ಇನ್ನೂ ಬಿಟ್ಟಿರಲಿಲ್ಲ. ತಿರುಪಿನ ಮುಚ್ಚಳವೇ ವಾಸಿ ಎಂದು ಅದನ್ನೇ ಹಾಕಿದೆ. ಯಾವ ವಾಸನೆಯೂ ಹಿಡಿಯದ ಕಾರ್ಕ್ ಸಿಕ್ಕರೆ ಮಾತ್ರ ಎತ್ತಿಡಿ, ಎಂದಾದರೂ ಒದಗುತ್ತದೆ.

ಇನ್ನು ಹೋಲಿಕೆ. ಮೂರು ಶನಿವಾರ, ಒಂದೇ ಗ್ಲಾಸ್, ಮೂರನ್ನೂ ಹದಿನೈದು ಹದಿನೈದು ಎಂಎಲ್. ಗ್ಲಾಸ್ ಹೊಟ್ಟೆ ಅಗಲ, ಬಾಯಿ ಕಿರಿದು ಇರಬೇಕು. ಸ್ಟೀಲ್ ಲೋಟ ಬೇಡ. ಐಸ್ ಬೇಡವೇ ಬೇಡ. ಬಣ್ಣ ನೋಡಿ ಮರುಳಾಗಬೇಡಿ, ಸ್ಕಾಟ್ಲೆಂಡಿನ ವಿಸ್ಕಿಯಾದ ಸ್ಕಾಚ್‌ಗೆ ಸುಟ್ಟ ಸಕ್ಕರೆಯ ಬಣ್ಣ ಬೆರೆಸಲು ಅಲ್ಲಿನ ಕಾನೂನಿನಲ್ಲೇ ಅವಕಾಶ ಇದೆ.

ಲಾಗವುಲಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಳೆಗಾಲದಲ್ಲಿ ಅಟ್ಟದ ಕೆಳಗೆ ಮಟ್ಟೆ ಸುಟ್ಟು ಹೊಗೆ ಕೊಡುತ್ತೇವಲ್ಲ, ಅಲ್ಲಿ ಅರ್ಧ ಗಂಟೆ ನಿಂತರೆ ಅಂಗಿಗೆ ಹಿಡಿಯುವ ವಾಸನೆ, ಅದರ ಜೊತೆ ಸ್ವಲ್ಪ ಸಮುದ್ರ. ಬಾರ್ಲಿಯನ್ನು ಪೀಟ್ ಅನ್ನುವ ಜೌಗು ಮಣ್ಣಿನ ಹೊಗೆಯಲ್ಲಿ ಒಣಗಿಸಿದ್ದರ ಫಲ. ಚೆನ್ನಾಗಿದೆ. ಆದರೆ ದಿನವಿಡೀ ಹೊಗೆಯಲ್ಲಿ ಇದ್ದವನು ಸಂಜೆಯೂ ಹೊಗೆ ಕುಡಿಯಬೇಕಾ?

ಫ್ಯೂಷನ್ ನನ್ನ ಮಾಮೂಲಿ ಬಾಟಲಿ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಭಟ್ಟಿ ಇಳಿಸಿದ್ದು. ನಮ್ಮ ದೇಶದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ ಸೇರಿಸಿರುತ್ತಾರೆ, ಹೆಸರು ಬಂದಿದ್ದೇ ಅದರಿಂದ. ಅಮೃತ್‌ನವರು 2004ರಲ್ಲಿ ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಯಲ್ಲಿ ಬರೀ ಬಾರ್ಲಿ ಮೊಳಕೆಯಿಂದ ಇಳಿಸಿದ ವಿಸ್ಕಿ) ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಸ್ಕಾಚಿನ ಮನೆ ಬಾಗಿಲಿಗೇ ಹೋಗಿ ಮಾರಿದರು. ಫ್ಯೂಷನ್ ಬಂದಿದ್ದು 2009ರಲ್ಲಿ. ಮರುವರ್ಷದ ತನ್ನ ಪಟ್ಟಿಯಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಇದಕ್ಕೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ. ಆಮೇಲೆ ನಮ್ಮವರೂ ತಿರುಗಿ ನೋಡಿದರು, ಅಲ್ವಾ.

ಇದರಲ್ಲಿ ಆಲ್ಕೋಹಾಲ್ ಐವತ್ತು ಪರ್ಸೆಂಟ್, ಹಾಗಾಗಿ ನಾಲ್ಕು ಹನಿ ನೀರು ಬೇಕು. ನೀರು ಬಿದ್ದ ಮೇಲೆ ಮೂಗಿಗೆ ಬರುವುದು ನೇರ ಕೊಬ್ಬರಿ. ಇದು ನನ್ನ ಕಸುಬಿನ ಭ್ರಮೆ ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನುವ ಅಂಶ ಜಾಸ್ತಿ, ಅದರ ವಾಸನೆಯೇ ತೆಂಗಿನಕಾಯಿಯದು. ಬೋರ್ಬನ್ ಅನ್ನುವ ಅಮೆರಿಕದ ವಿಸ್ಕಿ ಮಾಡುವವರು ಅಲ್ಲಿನ ಕಾನೂನಿನ ಪ್ರಕಾರ ಪ್ರತಿ ಸಲ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕು. ಹಾಗಾಗಿ ಒಂದು ಸಲ ಬಳಸಿದವು ಸ್ಕಾಟ್ಲೆಂಡಿಗೂ ಬರುತ್ತವೆ, ಬೆಂಗಳೂರಿಗೂ ಬರುತ್ತವೆ. ಫ್ಯೂಷನ್ ಜೊತೆ ಒಂದು ಚೂರು ಕೊಬ್ಬರಿ, ನಾಲ್ಕು ಹುರಿಗಡಲೆ, ಉಗುರಿನಷ್ಟು ಬೆಲ್ಲ ಬಾಯಿಗೆ ಹಾಕಿಕೊಂಡು ನೋಡಿ. ಗೋಡಂಬಿ ಮಸಾಲ ಎಲ್ಲ ಮರೆತುಹೋಗುತ್ತದೆ.

ಇದರ ಮೇಲೆ ಎಷ್ಟು ವರ್ಷದ್ದು ಎಂದು ಬರೆದಿಲ್ಲ. ಮೊದಲು ನನಗೂ ಅದು ಕೊರತೆ ಅನಿಸುತ್ತಿತ್ತು. ಆಮೇಲೆ ಒಂದು ದಿನ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಪೀಪಾಯಿಯಲ್ಲಿ ಇಟ್ಟ ಮಾಲು ಪ್ರತಿ ವರ್ಷ ಸ್ವಲ್ಪ ಆರಿಹೋಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಸುಮಾರು ಎರಡು ಪರ್ಸೆಂಟ್, ಬೆಂಗಳೂರಿನಲ್ಲಿ ಹತ್ತು, ಹನ್ನೆರಡು. ಅಲ್ಲಿ ನೂರು ಲೀಟರ್ ಇಟ್ಟರೆ ಇಪ್ಪತ್ತೈದು ವರ್ಷಕ್ಕೆ ಅರವತ್ತು ಉಳಿಯುತ್ತದೆ. ಇಲ್ಲಿ ಹತ್ತರ ಲೆಕ್ಕ ಹಿಡಿದರೂ ಐದೇ ವರ್ಷಕ್ಕೆ ಐವತ್ತೊಂಬತ್ತು. ಹೀಗೆ ಹೋಗುವುದಕ್ಕೆ ಅವರು ದೇವತೆಗಳ ಪಾಲು ಅನ್ನುತ್ತಾರೆ. ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯಿಯ ನೀರು ಬತ್ತುತ್ತದೆ, ಅದಕ್ಕೆ ನಾವು ಯಾವ ದೇವರ ಹೆಸರನ್ನೂ ಇಟ್ಟಿಲ್ಲ. ತೂಕ ಹೋಯ್ತು ಅನ್ನುತ್ತೇವೆ ಅಷ್ಟೆ.

ಹಾಗಾದರೆ ನಮ್ಮ ಐದು ವರ್ಷ ಅವರ ಇಪ್ಪತ್ತೈದಕ್ಕೆ ಸಮ, ಮೂವತ್ತೈದು ಸಾವಿರ ದಂಡ. ಹೀಗೇ ತೀರ್ಮಾನ ಮಾಡಿದ್ದೆ, ಕುಡಿಯುವವರೆಗೆ.

ಇಪ್ಪತ್ತೈದರದ್ದು ಮೊದಲ ಹತ್ತು ನಿಮಿಷ ಮಾತೇ ಆಡುವುದಿಲ್ಲ. ಒಣ ದ್ರಾಕ್ಷಿ, ಹಳೇ ಮರದ ಪೆಟ್ಟಿಗೆ, ಅಷ್ಟೆ. ಇದಕ್ಕಾ ಇಷ್ಟು ದುಡ್ಡು ಅನಿಸಿತು. ಗ್ಲಾಸ್ ಪಕ್ಕಕ್ಕಿಟ್ಟು ಅಟ್ಟದ ಬಾಗಿಲು ಹಾಕಿ ಬಂದೆ. ಆಮೇಲೆ ಮೂಸಿದರೆ ಬೇರೆಯದೇ ವಾಸನೆ. ಗೊತ್ತಿರುವ ವಾಸನೆ, ಹೆಸರು ಮಾತ್ರ ನಾಲಿಗೆ ತುದಿಯಲ್ಲೇ ನಿಂತಿದೆ. ಹೇಳಿದ್ದು ನನ್ನ ಹೆಂಡತಿ. ಅವಳು ಕುಡಿಯುವವಳಲ್ಲ. ಸೋಸಿದ ಪಂಚೆ ತುಂಡನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, "ಏನ್ರೀ ಇದು, ಕಮಟು ಕೊಬ್ಬರಿ ಇದ್ದಂಗಿದೆ" ಅಂದಳು.

ಅದೇ. ಕಮಟು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಒಂದು ಉಂಡೆ ಕಮಟು ಹಿಡಿದಿದ್ದು ಖರೀದಿದಾರನ ಮೂಗಿಗೆ ಬಿದ್ದರೆ ಇಡೀ ಚೀಲಕ್ಕೆ ಬೆಲೆ ಮುರಿಯುತ್ತಾನೆ. ಆದರೆ ಇಲ್ಲಿ ಅದು ಸಾಸಿವೆಯಷ್ಟು, ಒಣ ದ್ರಾಕ್ಷಿಯ ಹಿಂದೆ, ಅಕ್ರೋಟಿನ ಸಿಪ್ಪೆಯ ಒಗರಿನ ಜೊತೆ. ಆಮೇಲೆ ಓದಿ ತಿಳಿದುಕೊಂಡೆ. ಇದಕ್ಕೆ ರಾನ್ಸಿಯೋ ಎಂಬ ಹೆಸರೇ ಇದೆ. ಸ್ಪ್ಯಾನಿಷ್ ಮಾತು, ಅರ್ಥ ಕಮಟು ಅಂತಲೇ! ಹಳೇ ಫ್ರೆಂಚ್ ಬ್ರಾಂಡಿಯಾದ ಕೊನ್ಯಾಕ್‌ನಲ್ಲಿ, ಹಳೇ ಶೆರ್ರಿಯಲ್ಲಿ ಬಲ್ಲವರು ಇದನ್ನೇ ಹುಡುಕುತ್ತಾರೆ. ಮರದ ಮೂಲಕ ಗಾಳಿ ಒಂದೊಂದೇ ಉಸಿರು ಒಳಗೆ ಹೋಗಿ, ಒಳಗಿರುವ ಜಿಡ್ಡಿನ ಅಂಶ ವರ್ಷಗಟ್ಟಲೆ ಬದಲಾಗಿ ಬರುವ ವಾಸನೆ ಅದು. ಸೆಕೆ ಅದನ್ನು ಬೇಗ ತರುವುದಿಲ್ಲ. ಸೆಕೆ ಮರದ ರುಚಿಯನ್ನು ಬೇಗ ಇಳಿಸುತ್ತದೆ, ಕಾಲವನ್ನಲ್ಲ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಕಾಯಿ ಒಡೆದು ಬಿಸಿಲಿಗೆ ಹಾಕಿದರೆ ಒಂದು ವಾರದಲ್ಲಿ ಹೋಳು ಕೊಬ್ಬರಿ ಆಗುತ್ತದೆ. ಅಟ್ಟದ ಉಂಡೆಗೆ ಹನ್ನೊಂದು ತಿಂಗಳು. ಎರಡರಲ್ಲೂ ನೀರು ಹೋಗಿರುತ್ತದೆ. ರುಚಿ ಒಂದೇನಾ? 2023ರಲ್ಲಿ ಸರ್ಕಾರವೇ ಎಣ್ಣೆ ತೆಗೆಯುವ ಕೊಬ್ಬರಿಗೆ 10,860 ಕೊಟ್ಟು, ಉಂಡೆಗೆ 890 ರೂಪಾಯಿ ಜಾಸ್ತಿ ಇಟ್ಟಿತ್ತು. ಇದನ್ನು ತಿಳಿದೂ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ ನೋಡಿ.

ಹಾಗಂತ ವರ್ಷ ಜಾಸ್ತಿ ಆದಷ್ಟೂ ಒಳ್ಳೇದು ಅಂತಲ್ಲ. ಕಮಟು ಇನ್ನೊಂಚೂರು ಜಾಸ್ತಿ ಆಗಿದ್ದರೆ ನಾನೇ ಉಗುಳುತ್ತಿದ್ದೆ. ಸ್ಕಾಚ್ ಬಾಟಲಿಯ ಮೇಲಿನ ಸಂಖ್ಯೆ ಅದರಲ್ಲಿ ಬೆರೆಸಿದ ಅತಿ ಎಳೆಯ ವಿಸ್ಕಿಯ ವಯಸ್ಸು ಮಾತ್ರ. ಹದ ಎಲ್ಲಿ ನಿಂತಿದೆ ಎಂದು ಆ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಪೀಪಾಯಿ ಕಾಯುವವನ ಮೂಗು ಬೇಕು. ನಮ್ಮಲ್ಲಿ ಕಾಯಿ ಅಲ್ಲಾಡಿಸಿ ಗಡಗಡ ಸದ್ದು ಕೇಳಿ ಅಟ್ಟ ಇಳಿಸುವ ಹಾಗೆ.

ನೀರು? ಇಪ್ಪತ್ತೈದರದ್ದಕ್ಕೆ ಒಂದೇ ಒಂದು ಹನಿ. ಎರಡಾದರೆ ತೆಳ್ಳಗಾಗುತ್ತದೆ. ಜೊತೆಗೆ ತಿನ್ನಲು ಏನೂ ಬೇಡ.

ಈಗ ದುಡ್ಡಿನ ವಿಷಯ. ತಿಂಗಳಿಗೆ ಎರಡು ಶನಿವಾರ ಅಂದೆನಲ್ಲ, ಅದಕ್ಕೆ ಇಪ್ಪತ್ತೈದರದ್ದನ್ನು ಹಿಡಿದರೆ ನನ್ನ ಕೈಯಲ್ಲಿ ಆಗುವುದಿಲ್ಲ. 700 ಎಂಎಲ್ ಬಾಟಲಿ, ಮೂವತ್ತರ ಪೆಗ್ ಇಪ್ಪತ್ಮೂರು, ಒಂದಕ್ಕೆ ಸಾವಿರದೈನೂರು ರೂಪಾಯಿ ಬೀಳುತ್ತದೆ. ಮಾಮೂಲಿ ಶನಿವಾರಕ್ಕೆ ಫ್ಯೂಷನ್ನೇ ಸೈ. ಲಾಗವುಲಿನ್ ಮುಗಿದ ಮೇಲೆ ಮತ್ತೆ ತರಿಸುವುದಿಲ್ಲ. ಇಪ್ಪತ್ತೈದರದ್ದು ತಿಂಗಳಿಗೊಮ್ಮೆ, ಹದಿನೈದು ಎಂಎಲ್ ಮಾತ್ರ. ಮುಂದಿನ ಸಲ ಒಬ್ಬನೇ ಕೊಳ್ಳುವುದಿಲ್ಲ. ಇಬ್ಬರು ಸ್ನೇಹಿತರ ಹತ್ತಿರ ಮಾತಾಡಿದ್ದೇನೆ, ಮೂರು ಪಾಲು. ತಲೆಗೆ ಹನ್ನೆರಡು ಸಾವಿರದ ಒಳಗೆ ಮುಗಿಯುತ್ತದೆ, ಒಬ್ಬೊಬ್ಬರಿಗೆ ಒಂದು ವರ್ಷದ ಮೇಲೆ ಬರುತ್ತದೆ.

ಬಾಟಲಿ ಯಾರ ಮನೆಯಲ್ಲಿ ಇಡುವುದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಬೀರುವಿನ ತಟ್ಟಿಗೆ ಎತ್ತರ ಸಾಲದು. ಉಪ್ಪಿನಕಾಯಿ ಜಾಡಿ ಇಡುವ ಗೂಡಿನಲ್ಲಿ ನಿಲ್ಲುತ್ತದೆ. ಅದಕ್ಕೆ ಹೆಂಡತಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಿದರೆ ಬೆಲೆ ಕೇಳುತ್ತಾಳೆ.