88ರಿಂದ 95ಕ್ಕೆ: ಮಿಲ್ವಾಕಿಯ ಒಂದು ಪುಟ್ಟ ವರ್ಕ್‌ಶಾಪ್

ನನ್ನ 2004ರ ಹಾರ್ಲೆ ಬೈಕಿನ ಟ್ವಿನ್ ಕ್ಯಾಮ್ 88 ಎಂಜಿನ್ (88 ಘನ ಇಂಚಿನದು) ಈಗ 95 ಆಗಿದೆ. ಅಂದರೆ 1,450 ಸಿಸಿ ಇದ್ದದ್ದು 1,550. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಮುಟ್ಟಿಲ್ಲ, ಅದು 4 ಇಂಚೇ. ಬೋರ್ (ಸಿಲಿಂಡರಿನ ಒಳಗಿನ ಅಗಲ) ಮಾತ್ರ 3.75ರಿಂದ 3.875 ಇಂಚಿಗೆ ಹೋಯಿತು.

ಕೆಲಸ ಮಾಡಿಸಿದ್ದು ಮಿಲ್ವಾಕಿ ಹೊರಗೆ ಇಬ್ಬರೇ ನಡೆಸುವ ವರ್ಕ್‌ಶಾಪಿನಲ್ಲಿ. ನನಗೆ ತುಂಬಾ ಹಿಡಿಸಿದ್ದು ಅವರ ಹೋನಿಂಗ್, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಉಜ್ಜಿ ಸರಿಮಾಡುವ ಕೆಲಸ. ಸಿಲಿಂಡರನ್ನು ಸುಮ್ನೆ ಹಿಡಿದು ಉಜ್ಜುವುದಿಲ್ಲ. ಮೇಲೆ ಕೆಳಗೆ ದಪ್ಪ ಟಾರ್ಕ್ ಪ್ಲೇಟ್ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಮೇಲಿನ ಮುಚ್ಚಳವಾದ ಹೆಡ್ ಬಿಗಿದಾಗ ಸಿಲಿಂಡರ್ ಒಂಚೂರು ಸೊಟ್ಟಗಾಗುತ್ತದೆ, ಅಲ್ವಾ? ಆ ಬಿಗಿತದಲ್ಲೇ ದುಂಡಗೆ ಮಾಡಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸರಿಯಾಗಿ ಕೂರುತ್ತದೆ. ಎರಡೂ ಪಿಸ್ಟನ್‌ಗಳನ್ನು ಬೇರೆ ಬೇರೆ ಅಳೆದು, ಅದದಕ್ಕೆ ತಕ್ಕ ಹಾಗೆ ಬೋರ್ ಮಾಡಿದರು. ಅಳತೆಯೆಲ್ಲ ಬಿಲ್ಲಿನ ಹಿಂದೆ ಕೈಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ.

ಮೂರು ವಾರ ಎಂದವರು ಐದು ವಾರ ಮಾಡಿದರು. ಒಂದು ಫೋನೂ ಇಲ್ಲ. ಬೇಸಿಗೆ ಅರ್ಧ ಹೋಯಿತು, ಬೇಜಾರಾಯಿತು.

ವಾಲ್ವ್ ತೆರೆಯುವ ಕ್ಯಾಮ್‌ಗಳನ್ನೂ ಬದಲಿಸಿ ಟ್ಯೂನ್ ಮಾಡಿದ ಮೇಲೆ ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ) ಹಿಂದಿನ ಚಕ್ರಕ್ಕೆ 82 ಹಾರ್ಸ್‌ಪವರ್ ಬಂತು. ಮೊದಲು 63 ಇತ್ತು. ಈಗ ಹೆಂಡತಿ ಹಿಂದೆ ಕೂತಿದ್ದರೂ ಏರಿನಲ್ಲಿ ಗೇರ್ ಇಳಿಸಬೇಕಿಲ್ಲ. ಗೆಳೆಯನ ಗಾಡಿಯನ್ನೂ ಅಲ್ಲಿಗೇ ಕಳಿಸುತ್ತಿದ್ದೇನೆ. ಅಕ್ಟೋಬರಿನಲ್ಲೇ ಕೊಟ್ಟುಬಿಡು ಎಂದಿದ್ದೇನೆ.